ಎರಡನೇ ಸಲ ಒತ್ತದ ಗಂಟೆ

ಇದನ್ನು ಹೇಳುವುದನ್ನು ಮುಂದೆ ಹಾಕುತ್ತಲೇ ಬಂದಿದ್ದೇನೆ. ದಸರೆಗೆ ಹೇಳಿದರಾಯಿತು ಎಂದುಕೊಂಡೆ, ದಸರೆ ಹೋಯಿತು. ರಂಜಾನಿಗೆ ಎಂದುಕೊಂಡೆ, ಗೆಳೆಯನ ಮನೆಯ ಶಾವಿಗೆ-ಹಾಲಿನ ಸುರಕುಂಬಾ ಕುಡಿದು, ಬಟ್ಟಲು ಕೆಳಗಿಟ್ಟು, ಬಾಯಿ ಒರೆಸಿಕೊಂಡು ಎದ್ದು ಬಂದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದು ಇನ್ನೊಂದು ನೆಪ ಹೂಡಿದೆ. ಈಗ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹೊಸ ನೆಪ ಹುಡುಕುವಷ್ಟರಲ್ಲಿ ಫೋನ್ ಬಂತು.

ಹಳೇ ಹುಬ್ಬಳ್ಳಿಯಲ್ಲಿ ಮೋಟರ್‌ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ಮಾಡಿದ ಫೋನ್ ಅದು. ನಾವಿಬ್ಬರೂ ಮಾತು ಕಡಿಮೆ ಮಾಡಿ ಕೆಲವು ವರ್ಷಗಳಾಗಿವೆ. ಹಾಗಾಗಿ ಹೆಸರು ಕಂಡಕೂಡಲೇ ಎದ್ದು ನಿಂತು ಎತ್ತಿಕೊಂಡೆ.

"ಧಾರವಾಡದಿಂದ ಯಾರೋ ಮಗಳನ್ನ ನೋಡಾಕ ಬಂದಿದ್ರು," ಎಂದ. "ಕೆಲಸದ ಸಲುವಾಗಿ. ಆ ಬೆಳಕಿಂದು ಮತ್ತ ಚಾಲೂ ಮಾಡ್ತಾರಂತ. ಇಕೀನ ಬೇಕಂತ. ಇಕಿ ಒಲ್ಲೆ ಅಂದಾಳ. 'ನನ್ನ ಮಷೀನು ಸುಳ್ಳ ಹೇಳತದ್ರಿ, ಬ್ಯಾರೇದವರನ್ನ ನೋಡ್ರಿ' ಅಂತ ಅವರ ಮುಂದನ ಅಂದಾಳ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಈ ತಿಂಗಳ ಆಖೀರ ತನಕ ವಿಚಾರ ಮಾಡ್ರಿ ಅಂತ ಹೇಳಿ ಹೋಗ್ಯಾರ," ಎಂದು ಫೋನ್ ಇಟ್ಟ.

ಅವಳ ಯಂತ್ರ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಇದು ನನಗೆ ಗೊತ್ತು, ಅವಳಪ್ಪನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ತಿಂಗಳು ಮುಗಿಯುವ ಮೊದಲು ಅವಳಿಗೆ ಗೊತ್ತಾಗಬೇಕು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಗರಗದವನು. ಎಸ್ಸೆಸ್ಸೆಲ್ಸಿ ಪಾಸಾದವನು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಅಟೆಂಡರ್ ಆಗಿ ಸೇರಿ, ಅಲ್ಲೇ ನಿವೃತ್ತನಾದೆ. ಮನೆ ಗೋಪನಕೊಪ್ಪದಲ್ಲಿ. ನಿವೃತ್ತಿಯ ನಂತರವೂ ಕಾಲೇಜಿನವರು ನನ್ನನ್ನು ಬಿಡಲಿಲ್ಲ. ಹಿಂಭಾಗದಲ್ಲಿದ್ದ ಹಳೆಯ ವರ್ಕ್‌ಶಾಪ್ ಷೆಡ್ಡನ್ನು ಒಬ್ಬ ಹುಡುಗಿಯ ಸಂಶೋಧನೆಗೆ ಕೊಟ್ಟಿದ್ದರು. ಅದನ್ನು ನೋಡಿಕೊಳ್ಳಲು ನಂಬಿಗಸ್ತ ಮನುಷ್ಯ ಬೇಕಾಗಿತ್ತು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು ಹೇಳಿದ ಮಾತು ಅದೇ: "ನಂಬಿಗಸ್ತ ಮನುಷ್ಯಾ ಬೇಕಾಗ್ಯಾನ." ಆ ಮಾತು ಕೇಳಿ ನಾನು ಎಷ್ಟು ಉಬ್ಬಿದೆ ಎಂದರೆ, ಮನೆಗೆ ಬಂದು ಹೆಂಡತಿಯ ಮುಂದೆ ಎರಡು ಸಲ ಹೇಳಿದೆ.

ಆ ಹುಡುಗಿ ಬೇರೆ ಯಾರೂ ಅಲ್ಲ, ನನ್ನ ಗೆಳೆಯನ ಮಗಳು. ಸಣ್ಣವಳಿದ್ದಾಗ ಅಪ್ಪನ ಅಂಗಡಿಯ ನೆಲದಲ್ಲಿ ಕುಳಿತು ಹಳೆಯ ಹಾರ್ನುಗಳನ್ನು ಬಿಚ್ಚುತ್ತಿದ್ದಳು. ಆಗಿನಿಂದಲೂ ನಾನು ಅವಳಿಗೆ ಕಾಕಾ. ಹೊರಗೆ ಓದಿ ಡಾಕ್ಟರೇಟ್ ಮುಗಿಸಿ ನಮ್ಮ ಕಾಲೇಜಿಗೇ ಬಂದಿದ್ದಳು. ಉಳಿದವರ ಎದುರು ನಾನು ಅವಳನ್ನು ಮೇಡಂ ಎಂದು ಕರೆದರೆ ಹಲ್ಲು ಕಚ್ಚಿ ನಗು ತಡೆಯುತ್ತಿದ್ದಳು.

ಅವಳು ಮಾಡುತ್ತಿದ್ದುದನ್ನು ಕಾಲೇಜಿನ ಹುಡುಗರು ಕ್ವಾಂಟಮ್ ರಾಡಾರ್ ಎನ್ನುತ್ತಿದ್ದರು. ಯಾರೋ ಷೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಹಾಗೆ ಬರೆದೂ ಬಿಟ್ಟಿದ್ದರು. ಗೇಟಿನ ಹತ್ತಿರದ ಚಹಾದಂಗಡಿಯವನಿಗೆ ಅದು ದಿನದ ತಮಾಷೆ.

"ಕಾಕಾ, ನಮ್ಮ ಎಮ್ಮಿ ನಿನ್ನಿಯಿಂದ ಮನೀಗೆ ಬಂದಿಲ್ರಿ. ನಿಮ್ಮ ರಾಡಾರಿನ್ಯಾಗ ಒಂಚೂರು ನೋಡ್ರಲಾ."

ನಾನು ಅದನ್ನು ಅವಳಿಗೆ ಹೇಳಿದರೆ, "ಎಮ್ಮಿ ದೂರ ಉಳೀತು ಕಾಕಾ. ಸದ್ಯಕ್ಕ ಒಂದು ತಗಡು ಕಂಡ್ರ ಸಾಕಾಗೇದ ನಮಗ," ಎನ್ನುತ್ತಿದ್ದಳು.

ಷೆಡ್ಡಿನ ಒಂದು ತುದಿಯಲ್ಲಿ ಅವಳ ಮೇಜು, ಇನ್ನೊಂದು ತುದಿಯಲ್ಲಿ ಕಪ್ಪು ಬಣ್ಣ ಹೊಡೆದ ಹಲಗೆಯ ಗೋಡೆ. ಗೋಡೆಯಲ್ಲಿ ತಟ್ಟೆಯಷ್ಟು ಅಗಲದ ತೂತು. ಆ ತೂತಿನ ಹಿಂದೆ ಒಂದು ಅಲ್ಯುಮಿನಿಯಂ ತಗಡು ನಿಂತಿದೆಯೋ ಇಲ್ಲವೋ ಎಂಬುದನ್ನು ಅವಳ ಯಂತ್ರ ಮೇಜಿನ ಕಡೆಯಿಂದಲೇ ಹೇಳಬೇಕು. ಇದೇನು ಮಹಾ, ಬ್ಯಾಟರಿ ಬಿಟ್ಟರೆ ಕಾಣುವುದಿಲ್ಲವೇ ಎಂದು ನಾನು ಮೊದಲ ದಿನವೇ ಕೇಳಿದ್ದೆ. ಆದರೆ ಅವಳು ಕಳಿಸುತ್ತಿದ್ದ ಬೆಳಕು ಕಣ್ಣಿಗೆ ಕಾಣುವಂಥದಲ್ಲ, ಅಷ್ಟು ಕಡಿಮೆ. ಅದರ ಮೇಲೆ ತೂತಿನ ಪಕ್ಕದಲ್ಲೇ ಒಂದು ದೊಡ್ಡ ದೀಪವನ್ನು ಬೇಕೆಂದೇ ಯಂತ್ರದ ಕಣ್ಣಿಗೆ ಹೊಡೆಯುವಂತೆ ಉರಿಸುತ್ತಿದ್ದಳು. ಆ ಗದ್ದಲದೊಳಗೆ ತನ್ನ ಬೆಳಕನ್ನು ತಾನು ಗುರುತಿಸಬೇಕು. ಹೇಗೆ ಎಂದು ಕೇಳಿದೆ.

"ಶುಕ್ರವಾರ ಮಸೂತಿ ಬಾಗಲದಾಗ ಎಷ್ಟ ಚಪ್ಪಲಿ ಬಿದ್ದಿರತಾವ ನೋಡೀರಿಲ್ಲೋ? ಎಲ್ಲಾ ಒಂದ ನಮೂನಿ. ಅದರಾಗ ನಿಮ್ಮದು ಹ್ಯಾಂಗ ಹುಡಕತೀರಿ?"

"ಉಂಗುಷ್ಠದ ಪಟ್ಟಿ ಹರದದ್ದು ನಂದು."

"ಅಯ್ಯ, ಕಾಕಾ! ಹಂಗಲ್ಲ. ಜೋಡಿಯೊಳಗ ಒಂದು ನಿಮ್ಮ ಕೈಯಾಗನ ಇಟಗೊಂಡೀರಿ, ಇನ್ನೊಂದನ್ನ ಆ ರಾಶಿಯೊಳಗ ಒಗದೀರಿ ಅಂತ ತಿಳೀರಿ. ಕೈಯಾಗಿಂದಕ್ಕ ಒಂದೊಂದ ಜೋಡಿಸಿ ನೋಡಿದ್ರ ನಿಮ್ಮದು ಸಿಗತದ, ಹೌದಿಲ್ಲೋ? ಮಂದೀ ಚಪ್ಪಲಿಗೆ ಜೋಡಿ ನಿಮ್ಮ ಕೈಯಾಗ ಇರೂದಿಲ್ಲ."

ಮೇಜಿನ ಮೇಲಿದ್ದ ಸಣ್ಣ ಹರಳೊಂದು ಬೆಳಕಿನ ಕಣವನ್ನು ಒಡೆದು ಜೋಡಿ ಮಾಡುತ್ತದಂತೆ. ಜೋಡಿಯಲ್ಲಿ ಒಂದನ್ನು ತಗಡಿನ ಕಡೆಗೆ ಕಳಿಸುವುದು, ಇನ್ನೊಂದನ್ನು ಗಾಜಿನ ದಾರದ ಸುರುಳಿಯಲ್ಲಿ ಸುತ್ತಾಡಿಸಿ ಮನೆಯಲ್ಲೇ ಇಟ್ಟುಕೊಳ್ಳುವುದು. ತಗಡಿಗೆ ಬಡಿದು ವಾಪಸು ಬಂದದ್ದಕ್ಕೆ ಇಲ್ಲಿ ಜೋಡಿ ಇರುತ್ತದೆ. ದೀಪದ ಬೆಳಕಿಗೆ ಇರುವುದಿಲ್ಲ. ನನಗೆ ತಿಳಿದದ್ದು ಇಷ್ಟು. ಇದರಿಂದ ವೈರಿಗಳ ವಿಮಾನ ಹಿಡಿಯುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೆನಲ್ಲ ಎಂದರೆ, ಅದು ಆಗುವ ಮಾತೋ ಅಲ್ಲವೋ ಎಂದು ದೊಡ್ಡದೊಡ್ಡವರೇ ಇನ್ನೂ ಜಗಳಾಡುತ್ತಿದ್ದಾರೆ ಎಂದಳು. ಅವಳ ಆಸೆ ಬೇರೆಯಾಗಿತ್ತು. ಅವಳಪ್ಪನ ಕಣ್ಣು ಗ್ಯಾಸ್ ವೆಲ್ಡಿಂಗ್ ಬೆಂಕಿ ನೋಡಿ ನೋಡಿ ಕೆಟ್ಟಿತ್ತು. ತಪಾಸಣೆಗೆ ಡಾಕ್ಟರು ಬೆಳಕು ಬಿಟ್ಟರೆ ಅವನು ತಡೆಯಲಾರದೆ ಮುಖ ತಿರುಗಿಸುತ್ತಿದ್ದ. "ಕಣ್ಣಿಗೆ ಗೊತ್ತನ ಆಗಬಾರದು, ಅಷ್ಟ ಕಡಿಮಿ ಬೆಳಕಿನ್ಯಾಗ ಕಣ್ಣಿನ ಒಳಗ ನೋಡೂಹಂಗ ಆಗಬೇಕು ಕಾಕಾ," ಎನ್ನುತ್ತಿದ್ದಳು. "ಇದು ಅದರ ಮೊದಲನೇ ಮೆಟ್ಟಲ."

ಯಂತ್ರ ಚೆನ್ನಾಗಿ ನಡೆಯತೊಡಗಿತು. ಆದರೆ ಹಣ ಕೊಡುವವರಿಗೆ ಅವಳ ಮಾತು ಸಾಲದು. ಹೊರಗಿನ ಪರೀಕ್ಷಕರ ಮುಂದೆ ಒಂದು ಪರೀಕ್ಷೆ ಆಗಬೇಕು. ಹಲಗೆಯ ಹಿಂದೆ ಕುಳಿತವನು ಮನಸ್ಸಿಗೆ ಬಂದಂತೆ ತಗಡು ಇಡಬಾರದು. ಮನುಷ್ಯನ ಮನಸ್ಸಿನಲ್ಲಿ ಒಂದು ವರಸೆ ಇರುತ್ತದಂತೆ. ಏನಾದರೂ ಎಸೆದು, ಅದು ಬಿದ್ದಂತೆ ಇಡಬೇಕು ಅಥವಾ ತೆಗೆಯಬೇಕು. ನಾಣ್ಯ ಹಾರಿಸೋಣ ಎಂದಳು. ನನ್ನ ಕೈ ನಡುಗುತ್ತದೆ, ನಾಣ್ಯ ಹಾರಿಸಿದರೆ ಮೇಜಿನ ಕೆಳಗೆ ಉರುಳುತ್ತದೆ. ಕವಡೆಯಾದರೆ ಆದೀತು ಎಂದು ನಾನೇ ಹೇಳಿದೆ. ಹೌದು, ಈ ಉಪಾಯ ನನ್ನದೇ.

ನಾನೂ ಅವಳಪ್ಪನೂ ಆಗ ಮೂವತ್ತು ವರ್ಷಗಳಿಂದ ಚೌಕಾಬಾರಾ ಆಡುತ್ತಿದ್ದವರು. ರವಿವಾರ ಮಧ್ಯಾಹ್ನ ಅವನ ಅಂಗಡಿಯ ಮುಂದಿನ ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಕೂತರೆ ಗಿರಾಕಿಗಳು ನಿಂತು ನೋಡಬೇಕು. ನಾಲ್ಕು ಕವಡೆ ಎಸೆಯುವುದು, ಎಷ್ಟು ಬಾಯಿ ಮೇಲಾಗಿ ಬಿದ್ದಿವೆಯೋ ಅಷ್ಟು ಮನೆ ನಡೆಸುವುದು. ನಾಲ್ಕೂ ಬಾಯಿ ಮೇಲಾದರೆ ಚೌಕಾ, ನಾಲ್ಕೂ ಬೋರಲಾದರೆ ಎಂಟು ಮನೆ, ಅದಕ್ಕೆ ಬಾರಾ. ಈ ಎರಡರಲ್ಲಿ ಯಾವುದು ಬಿದ್ದರೂ ಎಸೆದವನಿಗೆ ಇನ್ನೊಂದು ಕೈ ಸಿಗುತ್ತದೆ, ಅಂದರೆ ಮತ್ತೊಮ್ಮೆ ಎಸೆಯುವ ಹಕ್ಕು. ಆಡುವವನು ಅದಕ್ಕೆ ವಿಚಾರ ಮಾಡುವುದಿಲ್ಲ. ಚೌಕಾ ಎಂದು ಬಾಯಿ ಕೂಗುವಷ್ಟರಲ್ಲಿ ಕೈ ಕವಡೆಗಳನ್ನು ಬಾಚಿರುತ್ತದೆ.

ಅವಳು ಲೆಕ್ಕ ಮಾಡಿ ನೋಡಿದಳು. ಒಂದು ಅಥವಾ ಮೂರು ಬಾಯಿ ಮೇಲಾದರೆ ತಗಡು ಇಡುವುದು. ಎರಡು, ಚೌಕಾ, ಬಾರಾ ಬಿದ್ದರೆ ತೆಗೆಯುವುದು. "ಬರೋಬ್ಬರಿ ಅರ್ಧಕ್ಕರ್ಧ ಆಗತದ ಕಾಕಾ!" ಎಂದು ಚಪ್ಪಾಳೆ ತಟ್ಟಿದಳು.

ನನ್ನ ಹತ್ತಿರ ಒಂದು ಪೆಟ್ಟಿಗೆ ಇಟ್ಟಳು. ಅದರ ಮೇಲೆ ಎರಡು ಗುಂಡಿ. ತಗಡು ಇದ್ದರೆ ಕೆಂಪು ಒತ್ತಬೇಕು, ಇಲ್ಲದಿದ್ದರೆ ಬಿಳಿ. ಒತ್ತಿದ್ದೆಲ್ಲ ಅದರೊಳಗೆ ಸಾಲಾಗಿ ದಾಖಲಾಗುತ್ತದೆ, ಕೊನೆಗೆ ಅದನ್ನು ಯಂತ್ರ ಹೇಳಿದ್ದರ ಪಕ್ಕಕ್ಕಿಟ್ಟು ಹೋಲಿಸುವುದು. ಒತ್ತಿದಾಗೊಮ್ಮೆ ಪೆಟ್ಟಿಗೆಯ ಮೇಲಿನ ಅಂಕಿ ಒಂದು ಮುಂದೆ ಹೋಗುತ್ತದೆ, ಮತ್ತೆ ಹಿಂದೆ ಬರುವುದಿಲ್ಲ. ಪಕ್ಕದಲ್ಲಿ ಗಂಟೆ. ಕವಡೆ ಎಸೆದು, ಗುಂಡಿ ಒತ್ತಿ, ತಗಡು ಇಟ್ಟು ಅಥವಾ ತೆಗೆದು, ಒಂದು ಸಲ ಗಂಟೆ. ಆ ಕಡೆ ಯಂತ್ರ ಎಣಿಸಿ ಮುಗಿದ ಮೇಲೆ ಅವಳು ಎಷ್ಟನೇ ಸಲ ಎಂಬುದನ್ನು ಮಾತ್ರ ಕೂಗುತ್ತಾಳೆ. ಯಂತ್ರ ಏನು ಹೇಳಿತು ಎಂಬುದು ಅಲ್ಲಿರುವವರಿಗೆ ಮಾತ್ರ ಗೊತ್ತು. ನನ್ನ ಕಡೆ ಏನಾದರೂ ತಪ್ಪಾದರೆ ಎರಡು ಸಲ ಗಂಟೆ ಒತ್ತಬೇಕು, ಎಲ್ಲ ನಿಲ್ಲಿಸಿ ಮೊದಲಿನಿಂದ ಶುರು ಮಾಡುವುದು.

ತಾಲೀಮಿನ ದಿನ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಚೌಕಾ ಬಿತ್ತು. ನನ್ನ ಕೈ ತಾನಾಗಿ ಕವಡೆ ಬಾಚಿತು. ಅವಳು ಗಪ್ಪನೆ ಮಣಿಕಟ್ಟು ಹಿಡಿದಳು.

"ಕಾಕಾ! ಇಲ್ಲಿ ಚೌಕಾಕ್ಕ ಎರಡನೇ ಕೈ ಇಲ್ರಿ. ಇದು ಅಪ್ಪನ ಅಂಗಡಿ ಕಟ್ಟಿ ಅಲ್ಲ."

ಇಬ್ಬರೂ ನಕ್ಕೆವು.

ಪರೀಕ್ಷೆಯ ದಿನ ಬೆಳಿಗ್ಗೆ ಪರೀಕ್ಷಕರು ಬಂದರು. ದಕ್ಷಿಣದ ಕಡೆಯವರು, ಮಿತ ಮಾತಿನವರು. ಷೆಡ್ಡೆಲ್ಲ ನೋಡಿ, ಹಲಗೆಯ ಹಿಂದೆ ಬಂದು, ನನ್ನ ಕರವಸ್ತ್ರದ ಮೇಲಿದ್ದ ಕವಡೆಗಳನ್ನು ನೋಡಿ ನಿಂತರು.

"ಇದೇನಮ್ಮ? ಆಟದ ಸಾಮಾನು?"

ಅವಳು ಅರ್ಧಕ್ಕರ್ಧದ ಲೆಕ್ಕ ವಿವರಿಸಿದಳು. ಅವರು ತಲೆಯಾಡಿಸಿ, ನನ್ನ ಕಡೆ ನೋಡಿ, "ಲೆಕ್ಕ ಸರಿ ಇದೆ. ಆದರೆ ಇವರಿಗೆ ವಯಸ್ಸಾಗಿದೆ. ಗಮನ ತಪ್ಪಿದರೆ?" ಎಂದರು.

ನಮ್ಮ ಮುಖ್ಯಸ್ಥರು, "ಇಷ್ಟು ವರ್ಷದಾಗ ಇವರ ಕೈಯಾಗ ಒಂದು ಗಾಜಿನ ನಳಿಗಿ ಒಡದಿಲ್ರಿ ಸರ್," ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ನಾನು ಸುಮ್ಮನಿರದೆ, "ಸಾಹೇಬ್ರ, ನಾ ತಪ್ಪಿದ್ರ ಇವತ್ತಿಂದ ಈ ಕಾಲೇಜಿನ ಹೊಸ್ತಲಾ ತುಳಿಯೂದಿಲ್ರಿ," ಎಂದುಬಿಟ್ಟೆ. ಅವಳು ನನ್ನ ಕಡೆ ನೋಡಿ ನಕ್ಕಳು. "ನನಗ ಆ ಹರಳಿನ ಮ್ಯಾಲಿಗಿಂತ ಕಾಕಾನ ಮ್ಯಾಲ ಭರೋಸಾ ಜಾಸ್ತಿ ಅದ ಸರ್," ಎಂದಳು.

ಎಲ್ಲರೂ ಮೇಜಿನ ಕಡೆಗೆ ಹೋದರು. ಹಲಗೆಯ ಹಿಂದೆ ನಾನೊಬ್ಬನೇ. ಐವತ್ತು ಸಲ ಆಗಬೇಕಾಗಿತ್ತು. ಮೇಲೆ ತಗಡಿನ ಮಾಡು, ಪಕ್ಕದಲ್ಲಿ ಉರಿಯುವ ದೀಪ, ಏಪ್ರಿಲ್ ತಿಂಗಳು. ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ಆದರೂ ಮೊದಮೊದಲು ಎಲ್ಲ ಸರಾಗವಾಗಿ ನಡೆಯಿತು. ಕವಡೆ, ಗುಂಡಿ, ತಗಡು, ಗಂಟೆ. ಆ ಕಡೆಯಿಂದ ಅವಳ ಕೂಗು. ಕವಡೆ, ಗುಂಡಿ, ತಗಡು, ಗಂಟೆ. ಕೈಗೆ ಒಂದು ಓಟ ಸಿಕ್ಕಿತು. ಮನಸ್ಸು ಎಲ್ಲೋ ಹೋಯಿತು. ಎಲ್ಲಿಗೆ ಎಂದರೆ, ಪರೀಕ್ಷೆ ಮುಗಿದ ಮೇಲೆ ಆ ದಕ್ಷಿಣದವರು ನನ್ನ ಕೈ ಕುಲುಕಿ ಏನು ಹೇಳಬಹುದು ಎಂಬಲ್ಲಿಗೆ.

"ಹನ್ನೆರಡು!" ಎಂದು ಅವಳು ಕೂಗಿದಾಗ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಅಲ್ಲಿ ಹದಿಮೂರು ಇತ್ತು.

ಅವಳೇ ಎಣಿಕೆ ತಪ್ಪಿರಬೇಕು ಎಂದು ನಗು ಬಂತು. ಮುಂದಿನದನ್ನು ಎಸೆದೆ, ಒತ್ತಿದೆ, ಗಂಟೆ ಬಾರಿಸಿದೆ. "ಹದಿಮೂರು!" ಪೆಟ್ಟಿಗೆ ಹದಿನಾಲ್ಕು ತೋರಿಸಿತು. ಆಗ ನನ್ನ ಕೈಗೇ ಮೊದಲು ನೆನಪಾಯಿತು ಎನ್ನಬೇಕು. ಚೌಕಾ ಬಿದ್ದಿತ್ತು. ಬಿಳಿ ಗುಂಡಿ ಒತ್ತಿದ್ದೆ. ಒತ್ತಿದ ಕೈ ಹಾಗೆಯೇ ಹೋಗಿ ಕವಡೆ ಬಾಚಿ ಮತ್ತೆ ಎಸೆದಿತ್ತು. ಒಂದು ಬಾಯಿ ಮೇಲಾಗಿ ಬಿತ್ತು. ಕೆಂಪು ಒತ್ತಿ ತಗಡು ಇಟ್ಟಿದ್ದೆ. ಒಂದು ಸಲಕ್ಕೆ ಎರಡು ಗುಂಡಿ.

ಗಂಟೆ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಎರಡು ಸಲ ಒತ್ತಬೇಕಾಗಿತ್ತು, ಅಷ್ಟೇ. ಬೆರಳನ್ನು ಅದರ ಮೇಲೆ ಇಟ್ಟೆ ಕೂಡ. ಒಂದು ಸಲ ಒತ್ತಿದೆ. ಅಷ್ಟರಲ್ಲಿ ಬೆಳಿಗ್ಗೆ ನಾನು ಆಡಿದ ಮಾತು ನೆನಪಾಯಿತು. ಹೊಸ್ತಿಲು ತುಳಿಯುವುದಿಲ್ಲ ಎಂದದ್ದು, ಮುಖ್ಯಸ್ಥರು ಗಾಜಿನ ನಳಿಗೆ ಎಂದದ್ದು, ಆ ಪರೀಕ್ಷಕರು ವಯಸ್ಸು ಎಂದದ್ದು. ಎರಡನೇ ಸಲ ಒತ್ತಲಿಲ್ಲ. ಆ ಕಡೆ ಅವರು ಅದನ್ನು ಮುಂದಿನ ಸಲದ ಗಂಟೆ ಎಂದೇ ತಿಳಿದರು. ನಾನು ಗಡಬಡಿಸಿ ಕವಡೆ ಎಸೆದು, ಗುಂಡಿ ಒತ್ತಿ, ಯಂತ್ರ ಎಣಿಸತೊಡಗುವ ಮೊದಲೇ ತಗಡು ಸರಿಪಡಿಸಿದೆ. "ಹದಿನಾಲ್ಕು!"

ಅಲ್ಲಿಂದ ಮುಂದೆ ಕುಳಿತಿದ್ದು ಮನುಷ್ಯನಲ್ಲ, ಕಳ್ಳ. ಇನ್ನುಳಿದ ಹೊತ್ತೆಲ್ಲ ಆ ಒಂದು ಅಂಕಿಯನ್ನು ಹೇಗೆ ಮುಚ್ಚಲಿ ಎಂಬುದೊಂದೇ ತಲೆಯಲ್ಲಿ. ಅವಳ ಕೂಗು ಒಂದು, ಪೆಟ್ಟಿಗೆ ಇನ್ನೊಂದು, ಒಂದೊಂದು ಸಲವೂ. ನಲವತ್ತು ದಾಟಿದ ಮೇಲೆ ಒಂದು ಸಲ ಕವಡೆ ಎಸೆದು, ತಗಡು ಇಟ್ಟು, ಗುಂಡಿ ಒತ್ತದೆ ಗಂಟೆ ಬಾರಿಸಿದೆ. ಅವಳ ಕೂಗು ಪೆಟ್ಟಿಗೆಯ ಅಂಕಿಗೆ ಬಂದು ಕೂಡಿತು. ಕೊನೆಗೆ ಅವಳು "ಐವತ್ತು!" ಎಂದಾಗ ಪೆಟ್ಟಿಗೆಯ ಮೇಲೂ ಐವತ್ತು. ಲೆಕ್ಕ ಸರಿಹೋಯಿತು ಎಂದು ಉಸಿರು ಬಿಟ್ಟೆ. ಲೆಕ್ಕ ಸರಿಹೋದದ್ದೇ ಅವಳ ಕುತ್ತಿಗೆ ಕೊಯ್ಯುತ್ತದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಏನು ಮಾಡುತ್ತಿದ್ದೆನೋ, ಹೇಳಲಾರೆ.

ಎಲ್ಲರೂ ನನ್ನ ಕಡೆಗೆ ಬಂದರು. ಪರೀಕ್ಷಕರ ಮುಖ ಬೆಳಿಗ್ಗೆ ಇದ್ದಂತೆಯೇ ಇತ್ತು.

"ಮೊದಲ ಹನ್ನೊಂದು ಪೂರ್ತಿ ಸರಿ. ಅಲ್ಲಿಂದ ಆಚೆಗೆ, ಕೊನೆಯ ಕೆಲವು ಬಿಟ್ಟರೆ, ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಹಾರಿಸಿ ಹೇಳಿದ್ದರೂ ಇಷ್ಟೇ ಬರುತ್ತಿತ್ತು, ಅಮ್ಮ. ಬಿಸಿಲಿಗೆ ನಿಮ್ಮ ಹರಳು ಕೆಟ್ಟಿರಬೇಕು."

ಅವಳು ಲ್ಯಾಪ್‌ಟಾಪನ್ನು ಎಡಗೈ ಮೇಲೆ ಇಟ್ಟುಕೊಂಡು ನಿಂತಲ್ಲೇ ಏನೋ ಮಾಡುತ್ತಿದ್ದಳು. ಒಮ್ಮೆಲೇ ತಲೆಯೆತ್ತಿದಳು.

"ಸರ್, ಒಂದ ನಿಮಿಷ ನೋಡ್ರಿ. ಹನ್ನೆರಡರಿಂದ ಪೆಟ್ಟಿಗಿದು ಒಂದೊಂದ ಹಿಂದ ಸರಿಸಿದ್ರ ಎಲ್ಲಾ ಕೂಡತಾವ. ಒಂದೂ ತಪ್ಪಿಲ್ಲ. ಕಡೀಕ ಬಂದು ಮತ್ತ ಸೀದಾ ಆಗೇದ."

ಪರೀಕ್ಷಕರು ನೋಡಿದರು. ಬಹಳ ಹೊತ್ತು ನೋಡಿದರು.

"ಇಲ್ಲಿಂದ ಸರಿಸು, ಅಲ್ಲಿಗೆ ನಿಲ್ಲಿಸು. ಫಲಿತಾಂಶ ನೋಡಿದ ಮೇಲೆ ಹೀಗೆ ಕತ್ತರಿಸಿ ಹೊಲಿದರೆ ಯಾವ ಅಂಗಿಯೂ ಯಾರಿಗೂ ಆಗುತ್ತದೆ. ಪೆಟ್ಟಿಗೆ ಐವತ್ತು ಎನ್ನುತ್ತದೆ, ನೀವೂ ಐವತ್ತು ಕೂಗಿದ್ದೀರಿ. ಹೆಚ್ಚು ಕಡಿಮೆ ಆಗಿದ್ದರೆ ಇವರು ಹೇಳಬೇಕು." ನನ್ನ ಕಡೆ ತಿರುಗಿದರು. "ಹೇಳಿ. ಏನಾದರೂ ತಪ್ಪಾಯಿತೇ?"

ಅವಳು ನನ್ನ ಹತ್ತಿರ ಬಂದಳು. ಅವಳಿಗೆ ಆಗಲೇ ಗೊತ್ತಾಗಿತ್ತು, ಅದು ಅವಳ ಕಣ್ಣಲ್ಲಿ ಕಾಣುತ್ತಿತ್ತು. ಸಿಟ್ಟಿರಲಿಲ್ಲ. ಅಂದು ನನ್ನ ಮಣಿಕಟ್ಟು ಹಿಡಿದಾಗಿನ ಅದೇ ಮುಖ.

"ಕಾಕಾ, ಚೌಕಾ ಬಿತ್ತೇನು?"

ಹೌದವಾ, ಬಿತ್ತು, ಕೈ ಹೋತು. ಇಷ್ಟೇ ಮಾತು. ಪರೀಕ್ಷಕರು ನೋಡುತ್ತಿದ್ದರು. ಮುಖ್ಯಸ್ಥರು ನೋಡುತ್ತಿದ್ದರು.

"ಬಿತ್ತವಾ," ಎಂದೆ. "ಖರೇ. ಆದ್ರ ಮತ್ತೊಮ್ಮಿ ಒಗದಿಲ್ಲ. ನಾ ಏನ ಸಣ್ಣ ಹುಡುಗೇನು?"

"ಒಂದ್ಸಲ ನೆನಪ ಮಾಡಿ ನೋಡ್ರಿ, ಕಾಕಾ."

"ಅಲ್ಲವಾ, ನಿನ್ನ ಮಷೀನು ಕೆಟ್ರ ನನ್ನ ಮ್ಯಾಲ್ಯಾಕ ಹಾಕ್ತೀ?"

ಈ ಎರಡನೇ ಮಾತಿನ ಅಗತ್ಯವಿರಲಿಲ್ಲ. ಅದು ಎಲ್ಲಿಂದ ಬಂತೋ ಗೊತ್ತಿಲ್ಲ, ಆದರೆ ನನ್ನ ಬಾಯಿಂದಲೇ ಬಂತು.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಮೆಲ್ಲಗೆ ಹೇಳಿದಳು: "ಮುಗೀತು ಸರ್. ಕಾಕಾ ಸುಳ್ಳು ಹೇಳೂದಿಲ್ಲ."

ಇನ್ನೊಮ್ಮೆ ಪರೀಕ್ಷೆ ಮಾಡಲು ಮುಖ್ಯಸ್ಥರಿಗೆ ಮನಸ್ಸಿರಲಿಲ್ಲ. ತನಗೆ ಬೇಕಾದಂತೆ ಲೆಕ್ಕ ಸರಿಸಿ ತೋರಿಸಿದಳು ಎಂಬ ಮಾತು ಸಂಜೆಯೊಳಗೆ ಕಾಲೇಜು ಪೂರ್ತಿ ಹಬ್ಬಿತ್ತು. ಬೆಳಕಿನ ಕಣ ಎಣಿಸುವ ಯಂತ್ರ ಬೇರೆ ಊರಿನಿಂದ ಎರವಲು ತಂದದ್ದು, ಅದೇ ವಾರ ತಿರುಗಿ ಹೋಗಬೇಕಾಗಿತ್ತು. ಅದನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದವನು ನಾನೇ. ಅವಳು ಪಕ್ಕದಲ್ಲಿ ನಿಂತು ಮೊಳೆಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟಳು. ವರ್ಷ ತಿರುಗುವುದರೊಳಗೆ ಆ ಕಾಲೇಜು ಬಿಟ್ಟಳು. ಈಗ ಉಣಕಲ್ ಕಡೆ ಒಂದು ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಾನು ಮಾತ್ರ, ತಪ್ಪಿದರೆ ತುಳಿಯುವುದಿಲ್ಲ ಎಂದ ಅದೇ ಹೊಸ್ತಿಲನ್ನು ಇನ್ನೂ ಎರಡು ವರ್ಷ ದಿನಾ ತುಳಿದೆ.

ಪರೀಕ್ಷೆಯಾದ ಮುಂದಿನ ರವಿವಾರ ಗೆಳೆಯನ ಅಂಗಡಿಗೆ ಹೋಗದಿದ್ದರೆ ಅನುಮಾನ ಬಂದೀತು ಎಂದು ಹೋದೆ. ಆಟ ಹಾಕಿದೆವು. ಆಟ ಅರ್ಧಕ್ಕೆ ಬಂದಾಗ ನನಗೆ ಚೌಕಾ ಬಿತ್ತು. ಕೈ ಹೋಗಿ ಕವಡೆ ಬಾಚಿತು. ಗ್ರೀಸು ಮೆತ್ತಿದ ಅವನ ಕೈ ಬಂದು ನನ್ನ ಕೈಯ ಮೇಲೆ ಕುಳಿತಿತು.

"ಅಲ್ಲೀನೂ ಹಿಂಗ ಒಗದಿ. ಹೌದಿಲ್ಲೋ?"

"ಅಲ್ಲಿ ಆಟ ನಡದಿರಲಿಲ್ಲ," ಎಂದೆ.

"ನಿನ್ನ ಮನಸಿಗೆ ಆಟ ಇರಲಿಲ್ಲ. ನಿನ್ನ ಕೈಗೆ?" ಅವನ ನೀರಾಡುವ ಕಣ್ಣು ನನ್ನನ್ನೇ ನೋಡುತ್ತಿತ್ತು. "ಮೂವತ್ತು ವರ್ಷಾತು ಈ ಕೈ ಎದರ ಆಡಾಕತ್ತು. ನನಗ ಗೊತ್ತಿಲ್ಲೇನು?"

ನಾನು ಎದ್ದು ನಿಂತೆ. "ಹೋಗಿ ಮಗಳಿಗೆ ಹೇಳು ಹಂಗಾರ!"

"ನಾ ಹೇಳಿದ್ರ ಏನ ಕಿಮ್ಮತ್ತಪ್ಪಾ? ಅಪ್ಪ ಮಗಳ ಪರ ಮಾತಾಡ್ದಾ ಅಂತಾರ. ಆಕಿನೂ ಹಂಗ ಅಂತಾಳ. ಅದು ನಿನ್ನ ಬಾಯಿಂದನ ಬರಬೇಕು." ನಾಲ್ಕೂ ಕವಡೆ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಒಯ್ಯಿ ಇವನ್ನ. ಹೇಳಿದ ದಿವಸ ತೊಗೊಂಡು ಬಾ, ಆಡೋಣ."

ಅಲ್ಲಿಂದ ಆಟ ನಿಂತಿತು. ಹಬ್ಬಗಳು ಮಾತ್ರ ನಿಲ್ಲಲಿಲ್ಲ. ಅಷ್ಟು ವರ್ಷದ ರೂಢಿಯನ್ನು ಮುರಿಯಲು ಇಬ್ಬರಿಗೂ ಆಗಲಿಲ್ಲ.

ಆ ವರ್ಷದ ದಸರೆ. ನಮ್ಮಲ್ಲಿ ಆ ದಿನ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತೇವೆ. ವರ್ಷದ ಜಗಳ, ಸಿಟ್ಟು, ಮನಸ್ತಾಪ ಅಲ್ಲಿಗೆ ತೀರಬೇಕು. ಚಿಕ್ಕವರು ದೊಡ್ಡವರ ಕಾಲು ಮುಟ್ಟಬೇಕು. ಪ್ರತಿ ವರ್ಷ ನಾನು ಅವರ ಮನೆಗೂ ಹೋಗಿ ಬನ್ನಿ ಕೊಡುತ್ತಿದ್ದೆ. ಆ ವರ್ಷ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ: ಚೌಕಾ ಬಿದ್ದಿತ್ತು, ಕೈ ಹೋಯಿತು, ತಪ್ಪು ನನ್ನದು. ಎಲೆ ಕೊಡುವಾಗಲೇ ಹೇಳಿಬಿಡಬೇಕು ಎಂದು.

ಬಾಗಿಲಲ್ಲಿ ಅವಳೇ ಇದ್ದಳು. ಬನ್ನಿ ಕೊಟ್ಟೆ. "ಬಂಗಾರ ತೊಗೊಂಡು ಬಂಗಾರದಂಗ ಇರೋಣವಾ," ಎಂದೆ. ಅವಳು ಎಲೆ ಹಿಡಿದುಕೊಂಡು ಬಗ್ಗಿದಳು. ನಾನು ಬಾಯಿ ತೆರೆದೆ. ಅವಳು ಏಳುವ ಮೊದಲೇ ಮಾತಾಡಿದಳು.

"ಕಾಕಾ, ಅವತ್ತ ನಾ ಹಂಗ ಎಲ್ಲಾರ ಮುಂದ ನಿಮ್ಮನ್ನ ಕೇಳಬಾರದಾಗಿತ್ತು. ಮಷೀನು ಕೆಟ್ಟದ್ದು ನಂದು, ಹೊರಸಾಕ ಹೋಗಿದ್ದು ನಿಮ್ಮ ಮ್ಯಾಲ. ಭಾಳ ದಿವಸದಿಂದ ಮನಸಿನ್ಯಾಗ ಅದ. ಮಾಫ್ ಮಾಡ್ರಿ."

ಒಳಗೆ ಅವಳಪ್ಪ ಕುಳಿತಿದ್ದ. ಕೇಳಿಸಿಕೊಂಡ. ನನ್ನ ಕಡೆ ನೋಡಿದ, ನೋಡುತ್ತಲೇ ಇದ್ದ.

ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. "ಇರ್ಲಿ ಬಿಡವಾ. ನಾ ಮನಸಿನ್ಯಾಗ ಇಟ್ಟಿಲ್ಲ," ಎಂದೆ.

ಗುಂಡಿ ಒತ್ತಿದ್ದು ಕೈಯ ತಪ್ಪು. ಎರಡನೇ ಸಲ ಗಂಟೆ ಒತ್ತದೆ ಹೋದದ್ದು ಹೆದರಿಕೆ. ಷೆಡ್ಡಿನಲ್ಲಿ ಹೇಳಿದ್ದು ಮಾನ ಉಳಿಸಿಕೊಳ್ಳಲು. ಇವುಗಳಿಗೆಲ್ಲ ಏನಾದರೊಂದು ಕಾರಣ ಹೇಳಿಕೊಳ್ಳಬಹುದು. ಆದರೆ ಆ ಬಾಗಿಲಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಅವಳಿಗೆ ನಾನು ಕ್ಷಮೆ ದಾನ ಮಾಡಿ ಬಂದೆ. ಅಂದಿನಿಂದ ಅವಳು ತನ್ನ ಯಂತ್ರವನ್ನು ಪೂರ್ತಿ ನಂಬದಾದಳು.

ಫೋನ್ ಬಂದ ಮೇಲೆ, ಮೊನ್ನೆ, ಕವಡೆಗಳನ್ನು ಕಿಸೆಯಲ್ಲಿ ಹಾಕಿಕೊಂಡು ಹಳೇ ಹುಬ್ಬಳ್ಳಿಗೆ ಹೋದೆ. ಗೆಳೆಯ ಒಂದು ಗಾಡಿಯ ಚೈನು ಬಿಗಿಯುತ್ತಿದ್ದ. ಕಿಸೆಯ ಸಪ್ಪಳ ಕೇಳಿ ಕೈ ನಿಲ್ಲಿಸಿದ.

"ಕಾಲೇಜಿನಿಂದ ಇನ್ನ ಬಂದಿಲ್ಲ. ಈಗ ಬರ್ತಾಳ. ಕೂಡ್ರು."

ಕಲ್ಲಿನ ಮೇಲೆ ಕುಳಿತೆ. ಅವನು ಸೀಮೆಸುಣ್ಣ ಹುಡುಕಿ ತಂದು ಪಕ್ಕದಲ್ಲಿಟ್ಟ. ಮನೆ ಮಾತ್ರ ಬರೆಯಲಿಲ್ಲ. ಓಣಿಯ ತಿರುವಿನಲ್ಲಿ ಅವಳ ಸ್ಕೂಟಿಯ ಸದ್ದು ಕೇಳಿತು. ಅವಳ ಗಾಡಿಯ ಸದ್ದನ್ನು ನಾನು ಗುರುತಿಸಬಲ್ಲೆ. ಎದ್ದು ನಿಂತೆ, ಅವಳನ್ನು ಎದುರುಗೊಳ್ಳಲು ಎಂದೇ ಎದ್ದದ್ದು. ಕಾಲುಗಳು ಮಾತ್ರ ಹಿಂದಿನ ಸಂದಿಯ ಕಡೆ ಹೋದವು. ಗೆಳೆಯ ಕೂಗಿ ಕರೆಯಲಿಲ್ಲ. ಅವನು ಕರೆದಿದ್ದರೆ ನಿಲ್ಲುತ್ತಿದ್ದೆ.

ಬಾಯಿಯ ಮೇಲೆ, ಕಾಲಿನ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಕೈಯೊಂದು ಉಳಿದಿದೆ, ತಪ್ಪು ಮಾಡಿದ್ದೂ ಅದೇ. ಅದರಿಂದಲೇ ಇದನ್ನು ಬರೆದಿದ್ದೇನೆ. ನಾಳೆ ಬೆಳಿಗ್ಗೆ, ಅವಳು ಕಾಲೇಜಿಗೆ ಹೊರಡುವ ಮೊದಲು, ಅವರ ಬಾಗಿಲಿಗೆ ಹೋಗಿ ಓದುತ್ತೇನೆ. ದನಿ ಹೊರಡದಿದ್ದರೆ ಅವಳೇ ಓದಿಕೊಳ್ಳಲಿ. ಆಮೇಲೆ ಅಚ್ಚಿಗೂ ಕೊಡುತ್ತೇನೆ. ಲೆಕ್ಕ ಸರಿಸಿದಳು ಎಂದು ಹಬ್ಬಿದ ಮಾತು ಎಲ್ಲೆಲ್ಲಿ ಹೋಗಿದೆಯೋ, ಇದೂ ಹೋಗಬೇಕಲ್ಲ. ಓದಿದ ಮೇಲೆ ಅವಳು ನನ್ನನ್ನು ಒಳಗೆ ಕರೆಯಬೇಕಾಗಿಲ್ಲ. ಧಾರವಾಡದವರಿಗೆ ಹೂಂ ಅಂದರೆ ಸಾಕು.

ಹನ್ನೆರಡನೆಯ ಸಲ ಪೆಟ್ಟಿಗೆಯ ಗುಂಡಿಯನ್ನು ಎರಡು ಬಾರಿ ಒತ್ತಿದ್ದೆ. ಅಲ್ಲಿಂದ ಒಂದೊಂದು ಹಿಂದೆ ಸರಿಸಬೇಕು. ನಲವತ್ತು ದಾಟಿದ ಮೇಲೆ ಒಂದು ಸಲ ಒತ್ತಿಯೇ ಇಲ್ಲ. ಹಾಗೆ ಸರಿಸಿ ನೋಡಿದರೆ ಯಂತ್ರ ಹೇಳಿದ್ದು ಪೂರ್ತಿ ಖರೆ. ತಗಡು ಇದ್ದಾಗ ಇದೆ ಎಂದಿದೆ, ಇಲ್ಲದಾಗ ಇಲ್ಲ ಎಂದಿದೆ. ಇದನ್ನು ಹೇಳಬಲ್ಲವನು ಹಲಗೆಯ ಹಿಂದೆ ಕುಳಿತಿದ್ದ ನಾನೊಬ್ಬನೇ, ಹೇಳಿದ್ದೇನೆ.

ನಾನು ಇಂದಿನವರೆಗೂ ಕ್ಷಮೆ ಕೇಳದೆ ಉಳಿದದ್ದು ಅವಳ ಅಪ್ಪನನ್ನಲ್ಲ, ಕಾಲೇಜನ್ನಲ್ಲ, ಆ ಪರೀಕ್ಷಕರನ್ನೂ ಅಲ್ಲ. ಷೆಡ್ಡಿನ ಆ ತುದಿಯಲ್ಲಿ ಮೇಜಿನ ಹಿಂದೆ ನಿಂತು ಒಂದೊಂದೇ ಅಂಕಿ ಕೂಗಿದವಳನ್ನು, ಕೈತುಂಬ ಬನ್ನಿ ಹಿಡಿದು ನನ್ನನ್ನೇ ಕ್ಷಮೆ ಕೇಳಿದವಳನ್ನು, ನನ್ನ ಗೆಳೆಯನ ಮಗಳನ್ನು, ನನ್ನನ್ನು ಕಾಕಾ ಎಂದು ಕರೆಯುವವಳನ್ನು.